ತಿಮ್ಮಿಯ ಕಿವಿಯೊಳಗಿನ ಗಂಟೆ

ಸಗರ
18 ಜೂನ್ 1956

ತಮ್ಮ ಹುಲಗಪ್ಪನಿಗೆ,

ನಿನ್ನ ಅಕ್ಕ ರೇಣಮ್ಮ ಎದುರಿಗೆ ಕುಳಿತು ನಿನ್ನ ತಲೆ ಸವರುತ್ತಿದ್ದಾಳೆ ಎಂದುಕೊಂಡು ಇದನ್ನು ಓದು. ಇಲ್ಲಿ ಎಲ್ಲರೂ ಉಂಡುಕೊಂಡು ಇದ್ದೇವೆ. ಯುಗಾದಿಗೆ ಮುಂಚೆ ನೀನು ಬರೆದ ಕಾಗದಕ್ಕೆ ಕಾರಹುಣ್ಣಿಮೆ ಹತ್ತಿರ ಬಂದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ. ಬರೆಯಲು ಕುಳಿತಾಗಲೆಲ್ಲ ಏನೋ ಒಂದು ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದೆ. ಈಗೀಗ ನನಗೆ ಒಂದು ಕಡೆ ಕೂರಲಾಗುವುದಿಲ್ಲ. ಒಲೆಯ ಮುಂದೆ ಕುಳಿತರೆ ಹಟ್ಟಿಯಲ್ಲಿ ಏನೋ ಬಿಟ್ಟುಬಂದ ಹಾಗೆ, ಹಟ್ಟಿಗೆ ಹೋದರೆ ಒಲೆ ಉರಿಯುತ್ತಿದೆಯೋ ಇಲ್ಲವೋ ಎಂಬ ಚಿಂತೆ. ದಿನಚರಿಯಲ್ಲಿ ಎರಡು ಸಾಲು ಬರೆಯುವಷ್ಟು ಹೊತ್ತು ಮಾತ್ರ ಕೈ ನಿಲ್ಲುತ್ತದೆ. ಉರ್ದು ಶಾಲೆಯ ಚಪರಾಸಿಯಾಗಿದ್ದ ಅಪ್ಪ ಮನೆಯಲ್ಲಿ ಕೂಡಿಸಿಕೊಂಡು ನಮಗಿಬ್ಬರಿಗೂ ಕನ್ನಡ ಅಕ್ಷರ ಕಲಿಸಿದ್ದಕ್ಕೆ ಅಷ್ಟಾದರೂ ಆಗುತ್ತಿದೆ.

ಒಂದು ಮಳೆ ಚೆನ್ನಾಗಿ ಬಿತ್ತು. ಮೈದುನ ಮರಿಲಿಂಗಪ್ಪ ಕುರಿಗಳನ್ನು ಹೊಳೆಯ ದಂಡೆಯಿಂದ ಹಿಂದಕ್ಕೆ ಹೊಡೆದುಕೊಂಡು ಬಂದಿದ್ದಾನೆ. ಅವನ ಅಣ್ಣ ತೀರಿದ ಮೇಲೆ ಹಿಂಡು ಅವನೊಬ್ಬನ ಪಾಲಿಗೆ ಬಿದ್ದಿದೆ. ಅತ್ತೆ ಅಂಬವ್ವನಿಗೆ ಮೊಣಕಾಲು ನೋವು, ಬಾಯಿ ಮಾತ್ರ ಗಟ್ಟಿಯಾಗಿದೆ.

ನನ್ನ ಮಗಳು ತಿಮ್ಮಿಯ ಕಿವಿಯಲ್ಲಿ ಮೊದಲು ಸದ್ದು ಬಂತೇ, ಮೊದಲು ಕಿವುಡಾಯಿತೇ, ನಮಗೆ ಯಾವಾಗ ತಿಳಿಯಿತು ಎಂದು ಕೇಳಿದ್ದೀಯ. ನಿಮ್ಮ ಆಸ್ಪತ್ರೆಯ ಕಿವಿ ಡಾಕ್ಟರು ಇದನ್ನು ಬರೆದಿಟ್ಟುಕೊಳ್ಳುತ್ತಾರೆ, ಈ ಸೂಜಿಯಿಂದ ಕಿವಿ ಹೋದವರ ವಿಷಯ ಈಗ ಎಲ್ಲ ದೇಶಗಳಲ್ಲೂ ಹುಡುಕುತ್ತಿದ್ದಾರೆ ಎಂದೂ ತಿಳಿಸಿದ್ದೀಯ. ಹಾಗಾದರೆ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಕಳೆದ ಚಳಿಗಾಲದಲ್ಲಿ ತಿಮ್ಮಿಗೂ ಅವಳ ಅಪ್ಪನಿಗೂ ಕ್ಷಯ ಎಂದು ಗೊತ್ತಾದಾಗ ನೀನು ಹೈದರಾಬಾದಿನಿಂದ ಸ್ಟ್ರೆಪ್ಟೊಮೈಸಿನ್ ಸೂಜಿ ಕಳಿಸಿದೆ. ಅದು ಒಬ್ಬರಿಗೆ ಸಾಲುವಷ್ಟು ಇತ್ತು. ಯಾದಗಿರಿಯ ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ದೊಡ್ಡವರದು ಎರಡೂ ಕಡೆ ಹೋಗಿದೆ, ಮಗುವನ್ನು ಉಳಿಸಬಹುದು ಎಂದರು. ನಿನ್ನ ಭಾವ ನನ್ನ ಮುಖ ನೋಡಲಿಲ್ಲ. ಡಾಕ್ಟರ ಕಡೆಗೇ ತಿರುಗಿ, "ಕೂಸಿಗೆ ಹಾಕ್ರಿ ಸಾಹೇಬ್ರ, ಇದರಾಗ ಕೇಳೂದೇನದ" ಎಂದು ಹೇಳಿ ಹೊರಗೆ ಹೋಗಿ ಬೀಡಿ ಹಚ್ಚಿದರು. ಡಾಕ್ಟರು ಬೈದರು, ಇವರು ನಕ್ಕು ಆರಿಸಿದರು. ಇದೆಲ್ಲ ನಿನಗೆ ಗೊತ್ತು.

ಸೂಜಿ ಹಾಕುವಾಗಲೆಲ್ಲ ಡಾಕ್ಟರು ತಿಮ್ಮಿಯನ್ನು ಒಂದೇ ಮಾತು ಕೇಳುತ್ತಿದ್ದರು, ಕಿವಿಯಲ್ಲಿ ಗುಂಯ್ ಅನ್ನುತ್ತದೆಯೇ ಎಂದು. ಅವಳು ಇಲ್ಲ ಎನ್ನುತ್ತಿದ್ದಳು. ಸುಳ್ಳಲ್ಲ. ಅವಳಿಗೆ ಗುಂಯ್ ಅನ್ನುತ್ತಿರಲಿಲ್ಲ, ಗಂಟೆ ಕೇಳುತ್ತಿತ್ತು. ನಮ್ಮ ಟಗರಿನ ಕೊರಳಿನದು. ಊರಿಗೆ ಕರೆತಂದ ಮೇಲೆ ಸಂಜೆ ಕಟ್ಟೆಯ ಮೇಲೆ ಕುಳಿತು, "ಕುರಿ ಬಂದ್ವು" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಹಿಂಡು ದಿಬ್ಬ ಇಳಿಯುತ್ತಿತ್ತು. ಅತ್ತೆಗೆ ಹಿಗ್ಗೋ ಹಿಗ್ಗು. ದಿಬ್ಬದ ಆಚೆಗಿರುವಾಗಲೇ ಕೇಳಿಸಿಕೊಳ್ಳುತ್ತಾಳೆ, ಕುರಿ ಕಾಯುವವರ ಮನೆಯ ಕಿವಿ ಇದು ಎಂದು ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸುತ್ತಿದ್ದಳು. ಸೂಜಿ ಕಿವಿಯನ್ನು ಚುರುಕು ಮಾಡಿದೆ ಎಂದು ಒಬ್ಬಾಕೆ ಹೇಳಿದಳು. ನಾವು ಅದನ್ನೂ ನಂಬಿದೆವು. ನಾವು ಮಾತನಾಡಿಸಿದರೆ ಆಗಲೇ ತಡವಾಗಿ ತಿರುಗುತ್ತಿದ್ದಳು, ಜ್ವರದ ನಿಶ್ಶಕ್ತಿ ಎಂದುಕೊಂಡೆವು.

ಮಾಘದಲ್ಲಿ ನಿನ್ನ ಭಾವ ತೀರಿಕೊಂಡರು. ನಮ್ಮ ಮನೆಯಲ್ಲಿ ಕುರಿಯ ಯಜಮಾನ ಸತ್ತರೆ ದಿನಗಳು ಮುಗಿಯುವವರೆಗೆ ಕುರಿಯ ಗಂಟೆಗಳಿಗೆ ಉಣ್ಣೆ ತುಂಬಿ ಬಾಯಿ ಕಟ್ಟುತ್ತಾರೆ. ಮರಿಲಿಂಗಪ್ಪ ಅಳುತ್ತಲೇ ಒಂದೊಂದಕ್ಕೂ ತುಂಬಿದ. ಅಂದು ಮಟಮಟ ಮಧ್ಯಾಹ್ನ, ಕುರಿಗಳು ಎಲ್ಲೋ ಅಡವಿಯಲ್ಲಿರುವಾಗ, ಗೋಡೆಗೆ ಮುಖ ಮಾಡಿ ಮಲಗಿದ್ದ ತಿಮ್ಮಿ "ಕುರಿ ಬಂದ್ವು" ಎಂದಳು. ನಿದ್ದೆಗಣ್ಣು ಎಂದುಕೊಂಡೆ. ಸಂಜೆ ಹಿಂಡು ಬಂತು. ಗಂಟೆಯಿಲ್ಲದೆ ಬರೀ ಕಾಲಿನ ಸಪ್ಪಳ. ಅವಳು ಗೋಡೆಯ ಕಡೆಗೇ ನೋಡುತ್ತ, "ಇನ್ನೂ ಬರಾಕತ್ತಾವ, ಗಂಟಿ ಕೇಳಾಕತ್ತದ" ಎಂದಳು. ನಾನು ಹಿಂದಿನಿಂದ ಕೂಗಿದೆ. ತಿರುಗಲಿಲ್ಲ. ಮರಿಲಿಂಗಪ್ಪ ಕೊಡವನ್ನು ಕಲ್ಲಿನ ಮೇಲೆ ಕುಕ್ಕಿದ. ತಿರುಗಲಿಲ್ಲ.

ಡಾಕ್ಟರಿಗೆ ಇಷ್ಟನ್ನು ಹೇಳು. ನಿನ್ನನ್ನು ನೀನು ಬೈದುಕೊಳ್ಳಬೇಡ. ನೀನು ಕಳಿಸಿದ್ದರಿಂದಲೇ ಅವಳು ಈಗ ಅಂಗಳ ಗುಡಿಸುತ್ತಿದ್ದಾಳೆ. ಕಾಯಿಲೆಯಿಂದ ಎದ್ದ ಮೇಲೆ ಎಷ್ಟು ತಿಳಿವಳಿಕೆ ಬಂದಿದೆ ಎಂದರೆ, ಹೇಳದೆಯೇ ನೀರು ತರುತ್ತಾಳೆ, ಅಜ್ಜಿಯ ಕಾಲೊತ್ತುತ್ತಾಳೆ, ಹಟ ಮಾಡುವುದಿಲ್ಲ. ಅಳುವುದೂ ಇಲ್ಲ.

ನನಗೆ ಒಂದು ತಿಳಿಯಬೇಕು. ಅವಳಿಗೆ ನಮ್ಮ ದನಿ ಕೇಳುವುದಿಲ್ಲ, ಗಂಟೆ ಕೇಳುತ್ತದೆ. ಏನೋ ಒಂದು ಕೇಳುತ್ತದೆ ಎಂದಮೇಲೆ ಕಿವಿಯಲ್ಲಿ ಜೀವ ಉಳಿದಿದೆ ಎಂದಲ್ಲವೇ? ಜೀವ ಇದ್ದರೆ ಅದನ್ನು ಮತ್ತೆ ನಮ್ಮ ಮಾತಿನ ಕಡೆಗೆ ತಿರುಗಿಸಬಹುದಲ್ಲವೇ? ನಿಮ್ಮಲ್ಲಿ ಬರುವ ಪರದೇಶದ ಪುಸ್ತಕಗಳಲ್ಲಿ ಏನಿದೆ ಕೇಳಿ ಬರೆ. ಬೇಗ.

ನಿನ್ನ ಅಕ್ಕ
ರೇಣಮ್ಮ


ಸಗರ
9 ಆಗಸ್ಟ್ 1956

ಹುಲಗಪ್ಪಾ,

ಚೆನ್ನಾಗಿದ್ದೀಯಾ ಎಂದು ಕೇಳಿದೆ ಎಂದುಕೋ. ನಿನ್ನ ಕಾಗದ ಬಂದ ದಿನ ಓದಿ ಸಿಟ್ಟಾದೆ. ಮರುದಿನ ಮತ್ತೆ ಓದಿದೆ. ಅದಕ್ಕೇ ಉತ್ತರ ತಡ.

ಅದನ್ನು ಗಟ್ಟಿಯಾಗಿ ಓದುವಾಗ ಆಚೆ ಮನೆಯ ದಾವಲಬೀ ಕೂಡ ಕುಳಿತು ಕೇಳಿದಳು. ಹಿಂದಿನ ಡಾಕ್ಟರುಗಳು ಇಂಥ ಸದ್ದೆಲ್ಲ ಕಿವಿಯಲ್ಲೇ ಇದೆ ಎಂದು ತಿಳಿದು ಎಣ್ಣೆ ಹಾಕಿ, ಗಾಳಿ ಊದಿ, ಕೊನೆಗೆ ಕಿವಿಯಿಂದ ಮಿದುಳಿಗೆ ಹೋಗುವ ನರವನ್ನೇ ಕತ್ತರಿಸಿ ನೋಡಿದರಂತೆ. ಕತ್ತರಿಸಿದ ಮೇಲೂ ಎಷ್ಟೋ ಜನರಿಗೆ ಸದ್ದು ನಿಲ್ಲಲಿಲ್ಲ. ಅದರಿಂದ ಈಗಿನವರು ಸದ್ದು ತಲೆಯೊಳಗೇ ಹುಟ್ಟುತ್ತಿರಬಹುದು ಎನ್ನುತ್ತಾರೆ ಎಂದು ಬರೆದಿದ್ದೀಯ. ಇನ್ನೊಬ್ಬರು ಯಂತ್ರದಿಂದ ಸದ್ದು ಮಾಡಿ, ನಿನ್ನೊಳಗಿನದು ಇಷ್ಟು ದೊಡ್ಡದೇ ಎಂದು ಅಳತೆ ಹಾಕಿದಾಗ, ರೈಲು ಕೂಗಿದ ಹಾಗಿದೆ ಎಂದವನ ಸದ್ದು ಪಿಸುಮಾತಿನಷ್ಟೇ ಇತ್ತಂತೆ. ಹೊರಗಿನ ಸದ್ದಿನಿಂದ ಒಳಗಿನದನ್ನು ಮುಚ್ಚಲು ಕೆಲವರು ರೇಡಿಯೋ ಹಚ್ಚಿಡಲು ಹೇಳುತ್ತಾರಂತೆ. ಆದರೆ ಕಿವುಡು ಕಿವಿಗೆ ರೇಡಿಯೋ ಹಚ್ಚಿ ಏನು ಮಾಡಲಿ?

ದಾವಲಬೀ, ತನಗೆ ಚಳಿಜ್ವರಕ್ಕೆ ಕೊಯಿನಾ ಗುಳಿಗೆ ನುಂಗಿದಾಗ ತಲೆಯಲ್ಲಿ ಜೇನುಹುಳ ಕೂತಿದ್ದವು, ಗುಳಿಗೆ ಬಿಟ್ಟ ಮೇಲೆ ಹೋದವು ಎಂದಳು. ಅದನ್ನು ಕೇಳಿ ನನ್ನ ಜೀವ ಮೇಲೆದ್ದಿತು. ಮುಂದಿನ ಸಾಲಿನಲ್ಲಿ ನೀನೇ ಅದಕ್ಕೂ ಉತ್ತರ ಕೊಟ್ಟಿದ್ದೆ. ಕೊಯಿನಾದ ಸದ್ದು ಬಹಳ ಮಟ್ಟಿಗೆ ಹೋಗುತ್ತದೆ, ಈ ಸೂಜಿಯದು ಹಾಗಲ್ಲ. ಈ ಔಷಧಿಯಲ್ಲಿ ಎರಡು ಬಗೆ. ಒಂದು ತಲೆ ತಿರುಗಿಸುತ್ತದೆ, ಇನ್ನೊಂದು ನಿಧಾನವಾಗಿ ಕಿವಿ ತಿನ್ನುತ್ತದೆ. ಈಗ ಎರಡನ್ನೂ ಅರ್ಧರ್ಧ ಬೆರೆಸಿ ಕೊಟ್ಟು ನೋಡುತ್ತಿದ್ದಾರೆ. ಸದ್ದು ಶುರುವಾದರೆ ಅದೇ ಎಚ್ಚರಿಕೆ ಎಂದು ತಿಳಿದು ಸೂಜಿ ನಿಲ್ಲಿಸುತ್ತಾರೆ. ಆ ಸಾಲನ್ನು ನಾನು ಗಟ್ಟಿಯಾಗಿ ಓದಲಿಲ್ಲ. ಅತ್ತೆ ಅಲ್ಲೇ ಹತ್ತಿ ಬಿಡಿಸುತ್ತಿದ್ದಳು.

ಅಮೇರಿಕದ ಇಬ್ಬರು ಚೆನ್ನಾಗಿ ಕಿವಿ ಕೇಳುವವರನ್ನೇ ಹುಡುಕಿ, ಒಂದು ಚೂರೂ ಸದ್ದು ಬಾರದ ಕೋಣೆಯಲ್ಲಿ ಕೂಡಿಸಿದರೆಂದೂ, ಹೆಚ್ಚುಕಡಿಮೆ ಎಲ್ಲರೂ ತಮಗೆ ಏನೋ ಕೇಳುತ್ತಿದೆ ಎಂದರೆಂದೂ ಬರೆದಿದ್ದೀಯಲ್ಲ, ಅದನ್ನು ಓದಿದಾಗ ದಾವಲಬೀ ನಕ್ಕುಬಿಟ್ಟಳು. "ಸದ್ದಿಲ್ಲದ ಖೋಲಿ ಕಟ್ಟಾಕ ಅವ್ರು ಅಷ್ಟು ತ್ರಾಸ್ ಯಾಕ ತಗೊಂಡ್ರವ್ವ? ನಮ್ಮ ಮನಿಯಾಂವ ಸುರಪುರ ಸಂತಿಗೆ ಹ್ವಾದ ದಿನ ನಮ್ಮನಿಗೆ ಬರಬೇಕಿತ್ತು" ಎಂದಳು. ಅತ್ತೆಯೂ ನಕ್ಕಳು. ನಾನೂ ನಕ್ಕೆ. ತಿಮ್ಮಿ ನಮ್ಮ ಮೂವರ ಬಾಯಿಗಳನ್ನು ನೋಡಿ ಎದ್ದು ಹೊರಗೆ ಹೋದಳು.

ಆ ಕೋಣೆಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ನಮ್ಮ ಅಂಗಳದ ಹಗೇವು ನಿನಗೆ ಗೊತ್ತಲ್ಲ, ಮೊದಲು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಈಗ ಖಾಲಿ ಇದೆ. ಕೆಟ್ಟ ಗಾಳಿ ಹೋಗಲೆಂದು ಹಿಂದಿನ ದಿನವೇ ಬಾಯಿ ತೆರೆದಿಟ್ಟೆ, ಕಂದೀಲು ಇಳಿಸಿ ದೀಪ ಆರುವುದಿಲ್ಲ ಎಂದು ನೋಡಿಕೊಂಡೆ. ಆಮೇಲೆ ಹಗ್ಗ ಹಿಡಿದು ಇಳಿದೆ. ಇಳಿಯುತ್ತ ಅದರ ಬಾಯಿಗೆ ಕಂಬಳಿ ಎಳೆದುಕೊಂಡು ತಳದಲ್ಲಿ ಕುಳಿತೆ. ಮೊದಲು ನನ್ನ ಉಸಿರೇ ಕೇಳಿಸಿತು. ಆಮೇಲೆ ಎದೆ ಬಡಿಯುವುದು. ಅದೂ ಹಿಂದೆ ಸರಿದ ಮೇಲೆ, ಹುಲಗಪ್ಪಾ, ನನಗೂ ಕೇಳಿತು. ತೆಳ್ಳಗೆ, ಎಲ್ಲಿಂದ ಎಂದು ಹೇಳಲಾಗದ ಹಾಗೆ, ಖಾಲಿ ಚೆಂಬಿಗೆ ಹಾಲಿನ ಮೊದಲ ಎಳೆ ಬಿದ್ದ ಹಾಗೆ. ನಿಲ್ಲದೆ. ಅದು ಮೊದಲಿನಿಂದಲೂ ನನ್ನೊಳಗೇ ಇತ್ತು. ಮೇಲೆ ಇಷ್ಟು ಜನ, ಕೋಳಿ, ನಾಯಿ, ಅತ್ತೆಯ ಬೈಗುಳ ಎಲ್ಲ ಸೇರಿ ಅದನ್ನು ಮುಚ್ಚಿದ್ದವು. ನನ್ನ ಮಗಳ ಮೇಲಿನ ಮುಚ್ಚಳ ತೆಗೆದಿದ್ದಾರೆ, ಅಷ್ಟೆ. ಅವಳು ಸದಾ ಈ ಹಗೇವಿನೊಳಗೇ ಇದ್ದಾಳೆ.

ಎಷ್ಟು ಹೊತ್ತು ಕುಳಿತಿದ್ದೆನೋ. ಮೇಲಿನ ಕಂಬಳಿ ಸರಿಯಿತು, ಅತ್ತೆಯ ಮುಖ ಕಾಣಿಸಿತು. ಸತ್ತವನ ಹಿಂದೆ ಹೋಗಲು ನಾನು ಇಳಿದಿದ್ದೇನೆ ಎಂದು ತಿಳಿದಿದ್ದಳು. ಮರಿಲಿಂಗಪ್ಪನನ್ನು ಕರೆದು, ಊರನ್ನು ಕರೆದು, ಕೊನೆಗೆ ನನ್ನನ್ನೂ ಕರೆದಳು.

"ಏ ರೇಣಾ, ಮ್ಯಾಲ ಬಾ. ಒಬ್ಬ ಮಗ ಹ್ವಾದ, ನೀನೂ ಹೊಂಟಿ ಅಂದ್ರ ಈ ಹುಡುಗಿ ಮಾರಿ ಯಾರು ನೋಡಬೇಕ?"

"ಸಾಯಾಕ ಬಂದಿಲ್ರಿ ಅತ್ತಿ. ಕೇಳಾಕ ಬಂದೀನಿ."

"ಹಗೇದಾಗ ಏನು ಕೇಳತಿ? ಇಲಿ ಪುರಾಣ ಓದತಾವೇನು?"

ಮೇಲೆ ಬಂದ ಮೇಲೆ ಇಡೀ ದಿನ ನನ್ನ ಸೆರಗು ಹಿಡಿದುಕೊಂಡೇ ತಿರುಗಿದಳು. ಅವಳೂ ಬಹಳ ಸೋತಿದ್ದಾಳೆ.

ನಿನ್ನ ಮಾತು ನನಗೆ ಅರ್ಥವಾಯಿತು. ಗಂಟೆ ಕೇಳಿದ ಮಾತ್ರಕ್ಕೆ ಕಿವಿಯಲ್ಲಿ ಜೀವ ಇದೆ ಎಂದಲ್ಲ. ಆದರೂ ಆ ಪುಸ್ತಕ ಬರೆದವರು ತಿಮ್ಮಿಯನ್ನು ನೋಡಿಲ್ಲ. ನವೆಂಬರಿಗೆ ಹೈದರಾಬಾದು ಒಡೆದು ನಾವು ಮೈಸೂರಿಗೆ ಸೇರುತ್ತೇವಂತೆ, ಆಮೇಲೆ ಅಲ್ಲಿಯ ದವಾಖಾನೆಯಲ್ಲಿ ನಮ್ಮ ಕಡೆಯವರನ್ನು ಕೇಳುವುದಿಲ್ಲ ಎಂದು ಶಹಾಪುರದಲ್ಲಿ ಜನ ಆಡಿಕೊಳ್ಳುತ್ತಿದ್ದಾರೆ. ನಿಜವೋ ಸುಳ್ಳೋ, ಅದಕ್ಕೆ ಮುಂಚೆಯೇ ಕರೆದುಕೊಂಡು ಬರುತ್ತೇನೆ. ಡಾಕ್ಟರು ಒಂದು ಸಲ ಆ ಕಿವಿಯೊಳಗೆ ನೋಡಿ ಬಾಯಿಬಿಟ್ಟು ಹೇಳಲಿ. ನನಗೆ ಈ ಹೌದು ಅಲ್ಲಗಳ ನಡುವೆ ಇರಲಾಗುತ್ತಿಲ್ಲ.

ಅಕ್ಕ
ರೇಣಮ್ಮ


ಸಗರ
4 ನವೆಂಬರ್ 1956

ಪ್ರೀತಿಯ ತಮ್ಮ ಹುಲಗಪ್ಪನಿಗೆ,

ನಾವು ಸುಖವಾಗಿ ಬಂದು ಮುಟ್ಟಿದೆವು. ಮುಟ್ಟಿದ ದಿನವೇ ಬರೆಯುತ್ತೇನೆ ಎಂದಿದ್ದೆ, ಆಗಲಿಲ್ಲ, ಕ್ಷಮಿಸು. ನಿನ್ನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ ವಾಡಿಯವರೆಗೆ ಬಂತು. ಅವಳಿಗೆ ನನ್ನ ಕಡೆಯಿಂದ ಹೇಳು, ಅಷ್ಟು ಸಣ್ಣ ಕೋಣೆಯಲ್ಲಿ ನಮ್ಮಿಬ್ಬರನ್ನು ಮುಖ ಸಿಂಡರಿಸದೆ ಇಟ್ಟುಕೊಂಡಳು. ಮೊನ್ನೆ ಒಂದನೇ ತಾರೀಖು ಶಾಲೆಯಲ್ಲಿ ಬಾವುಟ ಏರಿಸಿ ಪೇಡೆ ಹಂಚಿದರು. ನಾವಿನ್ನು ಮೈಸೂರಿನವರು, ನೀನು ಆಂಧ್ರದವನು. ಮರಿಲಿಂಗಪ್ಪ, "ಅತ್ತಿಗೆವ್ವ, ನಿಮ್ಮ ತಮ್ಮ ಈಗ ಪರದೇಶಿ ಆದ" ಎಂದು ರೇಗಿಸಿದ. ತಿಮ್ಮಿ ತನ್ನ ಪೇಡೆಯನ್ನು ತಿನ್ನದೆ ತಂದು ನನ್ನ ಕೈಯಲ್ಲಿಟ್ಟಳು.

ಆ ದಿನ ಡಾಕ್ಟರ ಕೋಣೆಯ ಹೊರಗೆ ನಿನ್ನನ್ನು ನಿಲ್ಲಿಸಿದರಲ್ಲ, ಒಳಗೆ ನಡೆದದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಮೊದಲು ಕವಲಿನ ಹಾಗಿರುವ ಉಕ್ಕಿನ ಸಾಧನವನ್ನು ಬಡಿದು ಕಿವಿಯ ಹತ್ತಿರ ಹಿಡಿದರು. ಆಮೇಲೆ ತಲೆಗೆ ಯಂತ್ರ ಕಟ್ಟಿ, ಸದ್ದು ಕೇಳಿದಾಗ ಕೈ ಎತ್ತು ಎಂದು ಸನ್ನೆಯಿಂದ ತೋರಿಸಿದರು. ತಿಮ್ಮಿ ಕೈ ಎತ್ತಿದಳು. ಮತ್ತೆ ಎತ್ತಿದಳು. ಕೇಳುತ್ತದೆ, ಇವಳಿಗೆ ಕೇಳುತ್ತದೆ ಎಂದು ಕುರ್ಚಿಯಿಂದ ಏಳುವುದರಲ್ಲಿದ್ದೆ. ಡಾಕ್ಟರು ನನ್ನ ಕಡೆ ತಿರುಗಿ, ಯಂತ್ರದ ಗುಂಡಿಯಿಂದ ಕೈ ತೆಗೆದಿರುವುದನ್ನು ತೋರಿಸಿದರು. ಸದ್ದೇ ಇರಲಿಲ್ಲ. ಅವಳ ಕೈ ಮೇಲೆಯೇ ಇತ್ತು.

ಆಮೇಲೆ ಅವರು ಉರ್ದುವಿನಲ್ಲಿ, ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದರು. ಕಿವಿಯ ಒಳಗಿನ ಸೂಕ್ಷ್ಮವಾದ ಭಾಗ ಸತ್ತಿದೆ. ಎಡಗಿವಿಗೆ ಡೊಳ್ಳಿನಂಥ ದಪ್ಪ ಸದ್ದು ಒಂದಿಷ್ಟು ತಾಗಬಹುದು, ಮಾತು ತಾಗುವುದಿಲ್ಲ. ನರ ಕತ್ತರಿಸುವುದು ಬೇಡ, ಅದರಿಂದ ಗಂಟೆ ನಿಲ್ಲುತ್ತದೆ ಎಂಬ ಭರವಸೆ ಇಲ್ಲ. ಬರುಬರುತ್ತ ಅವಳೇ ಅದನ್ನು ಮರೆತು ಇರಲು ಕಲಿಯಬಹುದು. ಲೋಕದಲ್ಲಿ ಬಹಳ ಜನ ಇದನ್ನು ಹುಡುಕುತ್ತಿದ್ದಾರೆ, ಇವತ್ತಿಗೆ ನಮಗೆ ತಿಳಿದಿರುವುದು ಇಷ್ಟೇ ತಾಯಿ, ಎಂದರು. ಅವರಿಗೂ ಹೇಳುವಾಗ ಕಷ್ಟವಾಯಿತು. ನಾನು ಅವರನ್ನು ಬಯ್ಯಲಾರೆ.

ಕೊನೆಗೆ ಒಂದು ಮಾತನ್ನು ಒತ್ತಿ ಹೇಳಿದರು. ಇವಳು ಮಾತು ಕಲಿತ ಮೇಲೆ ಕಿವಿ ಕಳೆದುಕೊಂಡವಳು, ನೀವು ಸುಮ್ಮನಾದರೆ ಇರುವ ಮಾತನ್ನೂ ಮರೆಯುತ್ತಾಳೆ. ಬೆಳಕಿನಲ್ಲಿ ಅವಳ ಮುಖದ ಎದುರು ಕುಳಿತು, ಬಾಯಿ ಸರಿಯಾಗಿ ಆಡಿಸಿ, ದಿನವೂ ಮಾತಾಡಿ. ತುಟಿ ನೋಡಿ ತಿಳಿಯುವುದನ್ನು ಮಕ್ಕಳು ಕಲಿಯುತ್ತಾರೆ. ಅದನ್ನು ಮಾಡುತ್ತಿದ್ದೇನೆ. ಬೆಳಿಗ್ಗೆ ಕಟ್ಟೆಯ ಮೇಲೆ ಕೂಡಿಸಿಕೊಂಡು ರೊಟ್ಟಿ, ನೀರು, ಅಜ್ಜಿ ಎಂದು ಹೇಳುತ್ತೇನೆ. ಅತ್ತೆಯೂ ಹಲ್ಲಿಲ್ಲದ ಬಾಯನ್ನು ದೊಡ್ಡದಾಗಿ ತೆರೆದು ಹೇಳುತ್ತಾಳೆ.

ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬರಬೇಕೆಂದು ಅತ್ತೆ ಹಟ ಹಿಡಿದಿದ್ದಾಳೆ, ಹೋಗಿ ಬರುತ್ತೇವೆ. ನಿನಗೂ ನಿನ್ನ ಹೆಂಡತಿಗೂ ಅಲ್ಲಿ ಬೇಡಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಬೇಗ ಮಗುವಿನ ಸದ್ದು ಏಳಲಿ. ನೂರು ಕಾಲ ಬಾಳಿರಿ.

ನಿನ್ನ ಅಕ್ಕ
ರೇಣಮ್ಮ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ನಿನಗಲ್ಲದೆ ಯಾರಿಗೆ ಬರೆಯಲಿ.

ವಾಡಿಯಲ್ಲಿ ಗಾಡಿ ಬದಲಿಸಿ ಯಾದಗಿರಿಯ ಕಡೆಗೆ ಬರುತ್ತಿದ್ದೆವು. ಕಿಟಕಿಯ ಬೆಳಕು ಚೆನ್ನಾಗಿತ್ತು. ಡಾಕ್ಟರು ಹೇಳಿದಂತೆ ಅವಳ ಮುಖದ ಎದುರು ಕುಳಿತು ಬಾಯಿ ಆಡಿಸಿ ಮಾತಾಡತೊಡಗಿದೆ. ತಿಮ್ಮಿ ಸ್ವಲ್ಪ ಹೊತ್ತು ನೋಡಿ, ಅಪ್ಪ ಸತ್ತಾಗಲೂ ಅಳದವಳು ಅಳಲು ಶುರುಮಾಡಿದಳು. ಡಬ್ಬಿಯ ಜನರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು:

"ಬರೇ ಬಾಯಿ ಯಾಕ ಆಡಸ್ತಿ ಅವ್ವ? ದನಿ ತಗದು ಮಾತಾಡ. ಅಪ್ಪನ ಸೂಜಿ ನಾ ಹಾಕ್ಕೊಂಡೆ ಅಂತ ನೀನೂ ಅಜ್ಜಿನೂ ನನ್ನ ಸಂಗಾಟ ಮಾತು ಬಿಟ್ಟೀರಿ. ನಾ ಎಲ್ಲಾ ಕೆಲಸ ಮಾಡತೀನಿ. ಈಗರ ಮಾತಾಡ."

ಸೂಜಿ ಶುರುವಾದ ದಿನ ಅತ್ತೆ, ಗಂಡಸಿಗೆ ಕೊಡುವ ಸೂಜಿಯನ್ನು ಹೆಣ್ಣು ಕೂಸಿಗೆ ಕೊಟ್ಟರು ಎಂದು ಹಣೆ ಬಡಿದುಕೊಂಡು ಅತ್ತಿದ್ದಳು. ಆಗ ತಿಮ್ಮಿಗೆ ಕಿವಿ ಕೇಳುತ್ತಿತ್ತು. ನಮ್ಮ ಮನೆ ನಿನಗೆ ಗೊತ್ತಲ್ಲ, ಸಿಟ್ಟಾದರೆ ಮಾತು ಬಿಡುತ್ತಾರೆ. ಅತ್ತೆ ಮತ್ತು ನನ್ನ ನೆಗೆಣ್ಣಿ, ಮರಿಲಿಂಗಪ್ಪನ ಹೆಂಡತಿ, ಒಂದೇ ಒಲೆಯ ಮುಂದೆ ಕುಳಿತು ವರ್ಷಗಟ್ಟಲೆ ಮಾತಿಲ್ಲದೆ ರೊಟ್ಟಿ ಬಡಿದದ್ದನ್ನು ಈ ಮಗು ನೋಡಿಕೊಂಡೇ ಬೆಳೆದಿದೆ. ಮಾಘದಿಂದ ಇವತ್ತಿನವರೆಗೆ ಅವಳು ಕಿವುಡಿ ಎಂದು ಊರಿಗೆಲ್ಲ ಗೊತ್ತು, ಅವಳಿಗೆ ಗೊತ್ತಿಲ್ಲ.

ಕಿಟಕಿಯ ಗಾಜಿನ ಧೂಳಿನ ಮೇಲೆ ಬೆರಳಿನಿಂದ ಬರೆದೆ, ನಿನಗೆ ಕಿವಿ ಕೇಳುವುದಿಲ್ಲ, ನಾನು ಮಾತಾಡುತ್ತಿದ್ದೇನೆ ಎಂದು. ನಾನು ಕಲಿಸಿದ್ದ ಅಕ್ಷರ ಕೂಡಿಸಿ ಓದಿದಳು. ನನ್ನ ಸೆರಗಿನಿಂದ ತಾನೇ ಅಳಿಸಿದಳು.

"ಸುಳ್ಳ. ನನ್ನ ಕಿವಿ ಚಲೋ ಅದಾವ. ಈಗೂ ಗಂಟಿ ಕೇಳಾಕತ್ತದ" ಎಂದಳು.

ಅಲ್ಲಿಂದ ಇಲ್ಲಿಯವರೆಗೆ ನಾನು ಬಾಯಿ ಆಡಿಸಿದಾಗಲೆಲ್ಲ ಅವಳು ಇನ್ನಷ್ಟು ಕೆಲಸ ಮಾಡುತ್ತಾಳೆ. ಆ ಸದ್ದು ಎಲ್ಲಿ ಹುಟ್ಟುತ್ತದೆ, ಎಷ್ಟು ದೊಡ್ಡದು, ಯಾವುದರಿಂದ ಮುಚ್ಚಬಹುದು ಎಂದು ನಿಮ್ಮ ಪುಸ್ತಕಗಳಲ್ಲಿದೆ. ಒಳಗೆ ಕೇಳುವುದು ಇಲ್ಲದ್ದು, ಎದುರಿಗಿರುವ ತಾಯಿಯ ದನಿ ಇರುವಂಥದ್ದು ಎಂದು ಒಂದು ಮಗುವನ್ನು ನಂಬಿಸುವುದು ಹೇಗೆ ಎಂದು ಯಾರಾದರೂ ಬರೆದಿದ್ದಾರೆಯೇ? ಡಾಕ್ಟರನ್ನು ಕೇಳು. ಅವರಿಗೆ ತಿಳಿಯದಿದ್ದರೆ ಬೇರೆಯವರನ್ನು ಕೇಳು, ಹುಲಗಪ್ಪಾ.